ಬಾವುಟದ ಬಣ್ಣವೂ ಬಾವುಟದ ಬಟ್ಟೆಯೂ
(ಕಡಿಯಾಳಿಯ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ 1 ಬಂತೆಂದರೆ ನಮ್ಮೂರಲ್ಲಿಯೂ ಹಳದಿ-ಕೆಂಪು ಬಾವುಟ ಏರುತ್ತದೆ. ಅದರ ಕೆಳಗೆ ನಿಲ್ಲುವವರಲ್ಲಿ ಮನೆಯಲ್ಲಿ ತುಳು ಆಡುವವರಿದ್ದಾರೆ, ಕೊಂಕಣಿ, ಬ್ಯಾರಿ ಆಡುವವರಿದ್ದಾರೆ. ಎಲ್ಲರ ಬಾವುಟವಾಗುವಂತಹುದು ಎಲ್ಲರ ದುಡಿಮೆಯನ್ನೂ ನೆನೆಯಬೇಕಲ್ಲವೆ?

ಈ ಬಾವುಟವನ್ನು ರೂಪಿಸಿದವರು ಅರಮನೆಯವರಲ್ಲ, ಸರಕಾರದವರೂ ಅಲ್ಲ. 1960ರ ದಶಕದಲ್ಲಿ ಕನ್ನಡ ಪಕ್ಷ ಕಟ್ಟಿದ ಪತ್ರಕರ್ತ ಮ. ರಾಮಮೂರ್ತಿಯವರು. ಹಳದಿ ಅರಿಶಿನದ್ದು, ಕೆಂಪು ಕುಂಕುಮದ್ದು ಎಂದು ಜನ ಅರ್ಥ ಮಾಡಿಕೊಂಡರು. 1967ರಲ್ಲಿ, ತಮ್ಮ ಜಮೀನಿನ ಬಾವಿಯ ಮಣ್ಣು ಕುಸಿದು ಅವರು ಇಬ್ಬರು ಗಂಡುಮಕ್ಕಳೊಡನೆ ಮಡಿದರು. ಬಾವುಟವನ್ನು ಜನ ಉಳಿಸಿಕೊಂಡರು.

ಸರಕಾರ ಎಚ್ಚೆತ್ತದ್ದು ಅರ್ಧ ಶತಮಾನದ ಮೇಲೆ. 2017ರಲ್ಲಿ ಸಮಿತಿ ನೇಮಿಸಿತು. 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳದಿ, ಬಿಳಿ, ಕೆಂಪು ಪಟ್ಟಿಗಳ, ನಡುವೆ ಗಂಡಭೇರುಂಡದ ರಾಜ್ಯಲಾಂಛನವಿರುವ ಹೊಸ ಮಾದರಿಯನ್ನು ತೋರಿಸಿದರು. ಕೇಂದ್ರದ ಒಪ್ಪಿಗೆ ಸಿಗದೆ ಅದು ಕಡತದಲ್ಲೇ ಉಳಿಯಿತು. ರಾಜ್ಯಕ್ಕೊಂದು ಬಾವುಟವಿದ್ದರೆ ದೇಶ ಒಡೆಯುವುದೆಂದು ಕೆಲವರು ಹೆದರಿಸುತ್ತಾರೆ. ಜಮ್ಮು-ಕಾಶ್ಮೀರಕ್ಕೆ 1952ರಿಂದ 2019ರವರೆಗೆ ತನ್ನದೇ ಬಾವುಟವಿತ್ತು. ಕೆಂಪು ಬಟ್ಟೆಯ ಮೇಲೆ ಬಿಳಿಯ ನೇಗಿಲು. ರೈತನ ನೇಗಿಲಿಗೆ ಬಾವುಟದಲ್ಲಿ ಜಾಗ ಸಿಕ್ಕಿತ್ತು ಎಂಬುದನ್ನು ಗಮನಿಸಿರಿ.

ಬಣ್ಣದ ಮಾತು ಎಲ್ಲರೂ ಆಡಿದರು. ಬಟ್ಟೆಯ ಮಾತು ಆಡಿದವರು ಯಾರು?

ರಾಷ್ಟ್ರಧ್ವಜದ ಕಥೆ ನೋಡಿರಿ. 1957ರಲ್ಲಿ ಹುಟ್ಟಿದ ಹುಬ್ಬಳ್ಳಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬೆಂಗೇರಿ ಕೇಂದ್ರದಲ್ಲಿ ಆ ಧ್ವಜ ತಯಾರಾಗುತ್ತದೆ. ಅಲ್ಲಿ ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟಿತು. ಮರುವರ್ಷವೇ ಖಾದಿಯವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಮನೆಮನೆಯಲ್ಲಿ ಧ್ವಜ ಹಾರಿದ ವರ್ಷವೇ ಧ್ವಜ ಮಾಡುವವರು ಕೆಲಸಕ್ಕಾಗಿ ಕೂಗಬೇಕಾಯಿತು!

ಯಂತ್ರಕ್ಕೆ ನಾನು ವೈರಿಯಲ್ಲ. ನಿಮ್ಮಲ್ಲಿ ಅನೇಕರಿಗೆ ಯಂತ್ರವೇ ಅನ್ನ ಕೊಡುತ್ತದೆ. ಆದರೆ ಸಾರ್ವಜನಿಕರ ಹಣದಲ್ಲಿ ಕೊಳ್ಳುವ ಬಾವುಟದ ಕೂಲಿ ಯಾರ ಕೈ ಸೇರಬೇಕೆಂದು ಕೇಳುವ ಹಕ್ಕು ನಮಗಿದೆ. ನಮ್ಮ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿತು. ಮಾನ್ಯತೆಯ ಕಾಗದದಿಂದ ನೇಕಾರನ ಗಂಜಿ ಬೇಯುವುದಿಲ್ಲ. ಅವನಿಗೆ ವರ್ಷವಿಡೀ ಕೆಲಸ ಬೇಕು.

ಆದುದರಿಂದ ನಮ್ಮ ಬೇಡಿಕೆ ಇಷ್ಟು: ಪಂಚಾಯತು, ಶಾಲೆ, ಕಚೇರಿಗಳು ಕೊಳ್ಳುವ ಕನ್ನಡ ಬಾವುಟ ರಾಜ್ಯದ ನೇಕಾರರ ಸಹಕಾರಿ ಸಂಘಗಳಿಂದಲೇ ಬರಲಿ. ನೇಯುವವರಿಗೂ ಹೊಲಿಯುವವರಿಗೂ ನ್ಯಾಯವಾದ ಕೂಲಿ ನಿಗದಿಯಾಗಲಿ. ಮಾರಾಟ ಸಣ್ಣ ಅಂಗಡಿಗಳ ಮೂಲಕ ನಡೆಯಲಿ. ಇದಕ್ಕೆ ದೆಹಲಿಯ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಬೆಂಗಳೂರು ಮನಸ್ಸು ಮಾಡಿದರೆ ಸಾಕು.

ಮುಂದಿನ ನವೆಂಬರಿಗೆ ಮುಂಚೆ ನಿಮ್ಮ ನಿಮ್ಮ ಸಂಘಗಳಲ್ಲಿ ಈ ಠರಾವು ಪಾಸು ಮಾಡಿರಿ, ಶಾಸಕರ ಕೈಗೆ ಮುಟ್ಟಿಸಿರಿ. ಬಾವುಟಕ್ಕೆ ಕೈಮುಗಿಯುವ ಮೊದಲು ಅದನ್ನು ನೇಯ್ದವರ ಕೂಲಿ ಕೊಟ್ಟಿರೋಣ.