ಮಳೆಯ ನಷ್ಟ ಯಾರ ಲೆಕ್ಕಕ್ಕೆ?

(ಸಂಘದ ಮಳೆಗಾಲದ ಸಭೆಯಲ್ಲಿ ಮಾಡಿದ ಭಾಷಣ)



ಮಳೆಯೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯವರು. ಆಟಿ ತಿಂಗಳನ್ನು ಕಂಡುಂಡವರು. ನಾಟಿ ಮುಗಿದು, ಕೂಲಿಯಿಲ್ಲದೆ, ಹೊರಗೆ ಕಾಲಿಡಲಾಗದೆ ಕುಳಿತಿರಬೇಕಾದ ಆ ದಿನಗಳಿಗೆಂದೇ ನಮ್ಮ ತಾಯಂದಿರು ಬೇಸಗೆಯಲ್ಲಿ ಹಪ್ಪಳ ಒಣಗಿಸಿ, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಊರಿನ ಮಳೆಗಾಲಕ್ಕೆ ಹೀಗೆ ಒಂದು ಲೆಕ್ಕವಿತ್ತು. ಮುಂಬಯಿಯ ಮಳೆಗೆ ಅಂಥ ಲೆಕ್ಕ ಇನ್ನೂ ಹುಟ್ಟಬೇಕಾಗಿದೆ. ಇಲ್ಲಿ ಒಂದು ದಿನದ ಜಡಿಮಳೆಯಿಂದ ವ್ಯಾಪಾರಕ್ಕೆ ಆಗುವ ನಷ್ಟ ಎಲ್ಲಿಂದ ಹೊರಟು, ಕೊನೆಗೆ ಯಾರ ತಲೆಯ ಮೇಲೆ ಬಂದು ನಿಲ್ಲುತ್ತದೆ ಎಂಬುದನ್ನು ತಮ್ಮ ಮುಂದಿಡಬೇಕೆಂದು ಬಂದಿದ್ದೇವೆ.

2005ನೇ ಇಸವಿ ಜುಲೈ 26ನ್ನು ಯಾರೂ ಮರೆತಿರಲಾರರು. ಮರುದಿನ ಬೆಳಿಗ್ಗೆಯವರೆಗಿನ 24 ಗಂಟೆಗಳಲ್ಲಿ ಸಾಂತಾಕ್ರೂಜಿನ ಮಾಪಕದಲ್ಲಿ 944 ಮಿಲಿಮೀಟರು ಮಳೆ ದಾಖಲಾಯಿತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರು ಮಾತ್ರ. ಒಂದೇ ಊರಿನ ಒಂದು ತುದಿಯಲ್ಲಿ ಜನ ಕೊಡೆ ಹಿಡಿದು ನಡೆಯುತ್ತಿದ್ದರೆ, ಇನ್ನೊಂದು ಕಡೆ ಕುರ್ಲಾ, ಕಲೀನಾಗಳಲ್ಲಿ ಮೀಠಿ ನದಿ ಮನೆಗಳ ಒಳಹೊಕ್ಕಿತ್ತು. ಲೋಕಲ್ ಗಾಡಿಗಳು ನಿಂತವು, ವಿಮಾನ ನಿಲ್ದಾಣ ಮುಚ್ಚಿತು. ನಗರದಲ್ಲೇ 400ಕ್ಕೂ ಹೆಚ್ಚು ಜನ ಪ್ರಾಣ ತೆತ್ತರು.

ಅದು ದೈವೇಚ್ಛೆ ಎಂದು ಕೈ ಮುಗಿದು ಸುಮ್ಮನಿರುವಂತಿಲ್ಲ. ನಗರದ ಹಳೆಯ ಗಟಾರಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರು ಮಳೆಯ ನೀರನ್ನು, ಅದೂ ಸಮುದ್ರ ಇಳಿತದಲ್ಲಿರುವಾಗ, ಸಾಗಿಸುವುದಕ್ಕೆ. ಉಬ್ಬರ ಬಂತೆಂದರೆ ನೀರಿಗೆ ಹೋಗಲು ದಾರಿಯೇ ಇಲ್ಲ. ಈ ಪ್ರಮಾಣವನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕೆಂಬ ಯೋಜನೆಯ ವರದಿ 1993ರಲ್ಲೇ ಸಿದ್ಧವಾಗಿತ್ತು. ಕೆಲಸ ಚುರುಕಾದದ್ದು 2005ರ ನೆರೆಯ ಬಳಿಕ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ! ಹಾಜಿ ಅಲಿ, ಇರ್ಲಾ ಮೊದಲಾದ ಕಡೆ ದೊಡ್ಡ ಪಂಪುಗಳು ಬಂದವು, ನಿಜ. ಆದರೆ ಮಳೆಯೂ ಸುಮ್ಮನಿರಲಿಲ್ಲ. 2017ರ ಆಗಸ್ಟ್ 29ರಂದು ಸಾಂತಾಕ್ರೂಜಿನಲ್ಲಿ 331 ಮಿಲಿಮೀಟರು, 2019ರ ಜುಲೈ 2ರಂದು 375, 2020ರ ಆಗಸ್ಟ್ 5ರಂದು ಕೊಲಾಬಾದಲ್ಲೇ 331. ಜೂನ್ 11ರ ಸುಮಾರಿಗೆ ಬರಬೇಕಾದ ಮಳೆಗಾಲ 2025ರಲ್ಲಿ ಮೇ 26ಕ್ಕೇ ಬಂದು, ಹೊಸದಾಗಿ ತೆರೆದಿದ್ದ ವರಳಿಯ ಭೂಗತ ಮೆಟ್ರೋ ನಿಲ್ದಾಣಕ್ಕೆ ನೀರು ನುಗ್ಗಿತು. ಎಂದೋ ಒಮ್ಮೆ ಬರುವ ವಿಪತ್ತು ಎಂದು ಇನ್ನು ಹೇಳುವಂತಿಲ್ಲ. ಇದು ನಮ್ಮ ಕಸುಬಿನ ಒಂದು ಭಾಗವೇ ಆಗಿಬಿಟ್ಟಿದೆ.

ಇನ್ನು ವ್ಯಾಪಾರದ ಮಾತು. ನಷ್ಟದಲ್ಲಿ ಎರಡು ಬಗೆ. ಮುಂದಕ್ಕೆ ಹೋಗುವ ನಷ್ಟ ಒಂದು, ಹೋದದ್ದು ಹೋಯಿತೆನ್ನುವ ನಷ್ಟ ಇನ್ನೊಂದು. ಬಟ್ಟೆಯ ಮಗ್ಗ ಒಂದು ದಿನ ನಿಂತರೆ, ಮುಂದಿನ ವಾರ ಹೆಚ್ಚು ಪಾಳಿ ನಡೆಸಿ ಆ ಬಟ್ಟೆಯನ್ನು ನೇಯಬಹುದು. ನೂಲು ಕೊಳೆಯುವುದಿಲ್ಲ, ಗಿರಾಕಿಯೂ ಕಾಯುತ್ತಾನೆ. ಹೋಟೆಲಿನ ಸಂಗತಿ ಹಾಗಲ್ಲ. ಇಂದು ಕುಡಿಯದ ಚಹಾವನ್ನು ನಾಳೆ ಯಾರೂ ಎರಡು ಕಪ್ಪಾಗಿ ಕುಡಿಯುವುದಿಲ್ಲ. ಹಿಂದಿನ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಮರುದಿನ ಸಂಜೆಗೆ ಹುಳಿಯಾಗುತ್ತದೆ, ಹಾಲು ಒಡೆಯುತ್ತದೆ, ತರಕಾರಿ ಬಾಡುತ್ತದೆ. ಬಾಡಿಗೆ, ವಿದ್ಯುತ್ತು, ಸಾಲದ ಬಡ್ಡಿ ಮಾತ್ರ ಎಂದಿನಂತೆ ನಡೆಯುತ್ತವೆ.

ನೀರು ಹೊಕ್ಕ ಹೋಟೆಲಿಗೆ ಮಾತ್ರ ನಷ್ಟ ಎಂದುಕೊಳ್ಳಬಾರದು. ಕೋಟೆ ಭಾಗದ ಹೋಟೆಲಿನ ಹೊಸ್ತಿಲು ಒಣಗಿಯೇ ಇರಬಹುದು. ಆದರೆ ಕುರ್ಲಾದಲ್ಲೋ ಸಯಾನಿನಲ್ಲೋ ಹಳಿ ಮುಳುಗಿದರೆ ಕಚೇರಿಗಳು ಖಾಲಿ, ಮೇಜುಗಳೂ ಖಾಲಿ. ಡೊಂಬಿವಲಿಯಿಂದ ಬರುವ ಭಟ್ಟರು ಬರಲಿಲ್ಲ, ನಾಲಾಸೋಪಾರಾದ ಮಾಣಿ ಬರಲಿಲ್ಲ. ನಾಸಿಕದ ಲಾರಿ ಘಾಟಿಯಲ್ಲಿ ತಡೆದು ನಿಂತರೆ ವಾಶಿ ಮಾರುಕಟ್ಟೆಯಲ್ಲಿ ಟೊಮೆಟೊ, ಕೊತ್ತಂಬರಿಯ ಧಾರಣೆ ಏರುತ್ತದೆ. ಗೋಡೆಯ ಮೇಲಿನ ತಿಂಡಿಯ ದರಪಟ್ಟಿಯನ್ನು ಅಷ್ಟು ಬೇಗ ಬದಲಿಸಲಾಗದು. ಇತ್ತ ಸ್ಟೇಷನ್ನಿನ ಪಕ್ಕದ ಹೋಟೆಲಿನಲ್ಲಿ ಸಿಕ್ಕಿಬಿದ್ದ ಜನರ ನೂಕುನುಗ್ಗಲು. ಎರಡು ಗಂಟೆಯಲ್ಲಿ ಎಲ್ಲ ಮುಗಿದುಹೋಗುತ್ತದೆ. ಅಲ್ಲಿ ಒಬ್ಬನೇ ಮಾಣಿ ಮೂವರ ಕೆಲಸ ಮಾಡುತ್ತಾನೆ. ಹೀಗೆ ಲೋಕಲ್ ಗಾಡಿಯ ಹಳಿಯೇ ಈ ನಗರದ ಬೆನ್ನೆಲುಬು. ಅದು ಒಂದೆಡೆ ಮುರಿದರೆ ಎಲ್ಲೆಡೆ ನೋವು.

ಗಿರಣಿಯ ಹಿರಿಯರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಮುಂಬಯಿಯ ಹವೆಯೇ ಹಿಂದೆ ಗಿರಣಿಗಳಿಗೆ ವರವಾಗಿತ್ತು. ಒಣ ಹವೆಯಲ್ಲಿ ಹತ್ತಿಯ ನೂಲು ತುಂಡಾಗುತ್ತದೆ. ಸಮುದ್ರದ ತೇವದ ಗಾಳಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. 1854ರಲ್ಲಿ ತಾರದೇವದಲ್ಲಿ ಮೊದಲ ಗಿರಣಿಯ ಕಂಪನಿ ಹುಟ್ಟಿದ ಮೇಲೆ ಗಿರಣಗಾಂವ್ ಬೆಳೆಯಲು ಇದೂ ಒಂದು ಕಾರಣ. ಗಿರಣಿಗೆ ಬೇಕಾದ ಆ ತೇವವೇ ಲಾಲ್‌ಬಾಗ್, ಪರೇಲ್‌ಗಳ ತಗ್ಗಿನ ಚಾಳುಗಳಲ್ಲಿ ಕೆಮ್ಮು, ದಮ್ಮುಗಳಾಗಿ ಕಾಡಿತು. ಹವೆಯ ಲಾಭ ಒಬ್ಬರಿಗೆ, ಹವೆಯ ಕಷ್ಟ ಇನ್ನೊಬ್ಬರಿಗೆ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ನೆಲದಲ್ಲಿ ಮಾಲುಗಳೂ ಗಗನಚುಂಬಿಗಳೂ ಎದ್ದವು. ಈ ಲೆಕ್ಕ ಮಾತ್ರ ಬದಲಾಗಲಿಲ್ಲ.

ಹಾಗಾದರೆ ನಷ್ಟವನ್ನು ಹೊರುವವರು ಯಾರು? ದೊಡ್ಡ ಕಂಪನಿಗೆ ವಿಮೆಯಿದೆ, ಬ್ಯಾಂಕು ಕಂತನ್ನು ಮುಂದೂಡುತ್ತದೆ. ಸಣ್ಣ ಹೋಟೆಲಿನ ಧಣಿಗೆ ಇವು ಅರೆಬರೆ. ಅವರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರಿಂದಲೂ ಕೆಳಗೆ ಜಾರಿದ ನಷ್ಟ ಬಂದು ನಿಲ್ಲುವುದು ದಿನಗೂಲಿಯ ಮೇಲೆ. ಬಾರದ ದಿನದ ಪಗಾರವಿಲ್ಲ. ಬಂದವನ ಖೋಲಿಯಲ್ಲಿ ನೀರು. ಹಾಸಿಗೆ, ಅಕ್ಕಿ, ಮಕ್ಕಳ ಪುಸ್ತಕ ಎಲ್ಲ ಹೋದವು. 2019ರ ಜುಲೈ 2ರಂದು ಸರಕಾರ ಸಾರ್ವಜನಿಕ ರಜೆ ಸಾರಿತು. ಕಚೇರಿಯವರಿಗೆ ಅದು ಪಗಾರದ ರಜೆ. ದಿನಗೂಲಿಯವನಿಗೆ ಬರಿಯ ರಜೆ. ಮರುದಿನ ಎಲ್ಲರೂ ಕೆಲಸಕ್ಕೆ ಬಂದರೆ ಪತ್ರಿಕೆಗಳು ಮುಂಬಯಿಯ ಕೆಚ್ಚನ್ನು ಹೊಗಳುತ್ತವೆ. ಅದರಲ್ಲಿ ಕೆಚ್ಚೆಷ್ಟು, ಇನ್ನೊಂದು ದಿನದ ಪಗಾರ ಹೋದೀತೆಂಬ ಹೆದರಿಕೆಯೆಷ್ಟು ಎಂಬುದನ್ನು ತಾವೇ ಬಲ್ಲಿರಿ.

ಕಾನೂನು ಏನು ಹೇಳುತ್ತದೆ? 1953ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ಲೇ-ಆಫ್ ಪರಿಹಾರ ಸೇರಿತು; 1984ರ ತಿದ್ದುಪಡಿಯಲ್ಲಿ ಲೇ-ಆಫಿನ ಕಾರಣಗಳಲ್ಲಿ ನೈಸರ್ಗಿಕ ವಿಕೋಪವೂ ಸೇರಿತು. ಕೆಲಸ ಕೊಡಲಾಗದ ದಿನಕ್ಕೆ ಮೂಲ ವೇತನ, ತುಟ್ಟಿಭತ್ಯೆಗಳ ಅರ್ಧ. ಆದರೆ ಅದು 50 ಜನರಿಗೆ ಕಡಿಮೆಯಿಲ್ಲದ ಕಾರ್ಖಾನೆ, ಗಣಿ, ತೋಟಗಳಿಗೆ, ಬದಲಿ ಕೆಲಸಗಾರನಿಗಿಲ್ಲ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಈ ಅರ್ಧ ವೇತನದ ನಿಯಮ ಉಳಿದಿದೆ. ಗಿರಣಿಯವನಿಗೆ ಸಿಕ್ಕ ಆಸರೆ ಹೋಟೆಲಿನವನ ಬಾಗಿಲಿಗೆ ಬರಲೇ ಇಲ್ಲ.

ಬಾಗಿಲಿಗೆ ತರುವ ದಾರಿ ಇದೆ. ಅಹಮದಾಬಾದಿನ ‘ಸೇವಾ’ ಮಹಿಳಾ ಸಂಘಟನೆ 2023ರಿಂದ ತನ್ನ ಸದಸ್ಯೆಯರಿಗೆ ಬಿಸಿಲಿನ ವಿಮೆ ಮಾಡಿಸಿದೆ. ಉಷ್ಣತೆ ಗೊತ್ತುಪಡಿಸಿದ ಮಟ್ಟ ಮೀರಿದರೆ, ಪ್ರತಿಯೊಬ್ಬಳ ನಷ್ಟಕ್ಕೂ ಪುರಾವೆ ಕೇಳದೆ ಹಣ ಸಂದಾಯವಾಗುತ್ತದೆ. ಬಿಸಿಲನ್ನು ಅಳೆದು ಕೊಡಬಹುದಾದರೆ ಮಳೆಯನ್ನು ಅಳೆದು ಏಕೆ ಕೊಡಬಾರದು? ಒಂದು ದಿನ 204.5 ಮಿಲಿಮೀಟರು ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆ ಎನ್ನುತ್ತದೆ. ಆ ಅಳತೆಯನ್ನೇ ಹಿಡಿದು ನಾವು ಮಾಲಕರ ಮುಂದೆ ಮೂರು ಮಾತು ಇಡೋಣ. ಅಂಥ ದಿನ ಬರಲಾಗದವನಿಗೆ ಅರ್ಧ ಪಗಾರ ಸಿಗಲಿ. ಹೋಟೆಲಿನಲ್ಲೇ ಸಿಕ್ಕಿಬಿದ್ದವನಿಗೆ ಊಟ, ಮಲಗಲು ಜಾಗ, ಹೆಚ್ಚು ಹೊತ್ತಿನ ಕೆಲಸಕ್ಕೆ ಹೆಚ್ಚು ಪಗಾರ ಸಿಗಲಿ. ಖೋಲಿ ಮುಳುಗಿದವನಿಗೆ ಮುಂಗಡ ಸಿಗಲಿ, ಅದನ್ನು ಸಣ್ಣ ಕಂತುಗಳಲ್ಲಿ ಕಳೆಯಲಿ.

ನಮ್ಮ ಕಡೆಯಿಂದಲೂ ಕೆಲಸವಿದೆ. ಪ್ರತಿ ಹೋಟೆಲಿನಲ್ಲೂ ಒಬ್ಬರು ಮಳೆಯ ವಹಿ ಇಡಲಿ. ತಾರೀಕು, ಬಾರದವರ ಹೆಸರು, ಕಳೆದ ಪಗಾರ, ಖೋಲಿಯಲ್ಲಿ ಹೋದ ಸಾಮಾನು, ಇಷ್ಟು ಬರೆದರೆ ಸಾಕು. ಕಾಗದದಲ್ಲಿಲ್ಲದ ನಷ್ಟವನ್ನು ಯಾರೂ ನಂಬರು. ರೇಶನ್ ಕಾರ್ಡು, ಬ್ಯಾಂಕಿನ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೇಲೆ ಕಟ್ಟಿಡಿ. ಕಾಲಿಗೆ ಗಾಯವಿದ್ದು ಕೊಳಕು ನೀರಿನಲ್ಲಿ ನಡೆದಿದ್ದರೆ ಮೂರು ದಿನದೊಳಗೆ ಮುನಿಸಿಪಾಲಿಟಿಯ ದವಾಖಾನೆಗೆ ಹೋಗಿ ಔಷಧ ಕೇಳಿ. 2005ರಲ್ಲಿ ನೆರೆ ಇಳಿದ ಮೇಲೆ ಇಲಿಜ್ವರವೂ ಅನೇಕರನ್ನು ಕೊಂದಿತು. ಇಎಸ್‌ಐ ಇರುವವರು ಕಾಯಿಲೆಯ ದಿನಗಳ ಭತ್ಯೆಯನ್ನು ಬಿಡಬೇಡಿ; ಅದು ನಿಮ್ಮದೇ ಹಣ.

ಬಂಧುಗಳೇ, ಮೋಡವನ್ನು ತಡೆಯುವುದು ನಮ್ಮ ಕೈಲಿಲ್ಲ. ಅದು ಸುರಿದ ದಿನದ ನಷ್ಟವನ್ನು ಹಂಚಿಕೊಳ್ಳುವುದು ಮನುಷ್ಯರ ಕೈಲಿದೆ. ಮುಂದಿನ ಸಭೆಗೆ ಬರುವಾಗ ಒಂದೊಂದು ಹೋಟೆಲಿನಿಂದ ಒಂದೊಂದು ವಹಿ ಬರಲಿ ಎಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.