ನೆರಳು ಗಡಿಯಾರದ ಸಾಕ್ಷ್ಯ

ದೆಹಲಿಯ ಜಂತರ್ ಮಂತರ್ ನೋಡಲು ಹೋದವರು ಸಾಮಾನ್ಯವಾಗಿ ಅಲ್ಲಿನ ಯಂತ್ರಗಳ ಗಾತ್ರಕ್ಕೆ ಬೆರಗಾಗಿ ಹಿಂದಿರುಗುತ್ತಾರೆ. ನನಗಾದರೋ ಅಲ್ಲಿ ಇಟ್ಟಿದ್ದ ಒಂದು ಫಲಕದ ವಿಚಾರ ಅದಕ್ಕಿಂತ ಸ್ವಾರಸ್ಯಕರವಾಗಿ ತೋರಿದೆ.

ಸವಾಯಿ ಜಯಸಿಂಹನು ಕಟ್ಟಿಸಿದ ಆ ವೇಧಶಾಲೆಯಲ್ಲಿ ಸಮ್ರಾಟ್ ಯಂತ್ರವೆಂಬ ಭಾರಿ ನೆರಳು ಗಡಿಯಾರವಿದೆ. ತ್ರಿಕೋನಾಕಾರದ ಗೋಡೆಯ ಓರೆ ಅಂಚು ಧ್ರುವದತ್ತ ಏರುತ್ತದೆ. ಇಕ್ಕೆಲದ ಬಿಲ್ಲುಗೋಡೆಗಳ ಮೇಲೆ ಅದರ ನೆರಳು ಸರಿಯುತ್ತ ಹೊತ್ತನ್ನು ತಿಳಿಸುತ್ತದೆ. 1910ರಲ್ಲಿ ಜೀರ್ಣೋದ್ಧಾರ ನಡೆಯಿತು. ಆ ವರ್ಷ ಇಟ್ಟ ಫಲಕ ವೇಧಶಾಲೆಯ ನಿರ್ಮಾಣಕಾಲವನ್ನು 1710 ಎಂದು ಸಾರಿತು. ಸರಿಯಾಗಿ ಇನ್ನೂರು ವರ್ಷ! ಇಷ್ಟು ದುಂಡಾದ ಲೆಕ್ಕವನ್ನು ಕಂಡಾಗಲೇ ಸಂಶಯ ಹುಟ್ಟಬೇಕು.

1710ರಲ್ಲಿ ಜಯಸಿಂಹನಿಗೆ ಇಪ್ಪತ್ತೆರಡರ ಪ್ರಾಯ. ಬಾದಶಹ ಬಹಾದೂರ್ ಶಹನ ಕೈಯಿಂದ ತನ್ನ ಆಮೇರನ್ನು ಉಳಿಸಿಕೊಳ್ಳುವುದೇ ಆತನಿಗೆ ದೊಡ್ಡ ಕೆಲಸವಾಗಿತ್ತು. ಅಂಥವನು ಅದೇ ಬಾದಶಹನ ದೆಹಲಿಯಲ್ಲಿ ನಕ್ಷತ್ರ ನೋಡುತ್ತ ಕುಳಿತನೆಂದರೆ ನಂಬುವುದೆಂತು? ಇದಕ್ಕೂ ಬಲವಾದ ಸಾಕ್ಷ್ಯ ಅವನದೇ ಗ್ರಂಥದಲ್ಲಿದೆ. ‘ಜೀಜ್-ಇ-ಮುಹಮ್ಮದ್ ಶಾಹಿ’ ಎಂಬ ಪಾರಸಿ ಖಗೋಳ ಕೋಷ್ಟಕಗಳ ಮುನ್ನುಡಿ, ಈ ಕಾರ್ಯ ನಡೆದದ್ದು ಮುಹಮ್ಮದ್ ಶಹನ ಅಪ್ಪಣೆಯಿಂದ ಎನ್ನುತ್ತದೆ. ಆತ ಪಟ್ಟವೇರಿದ್ದೇ 1719ರಲ್ಲಿ. ವಿದ್ವಾಂಸರು ಈಗ ಒಪ್ಪುವ ವರ್ಷ 1724.

ಇಷ್ಟಕ್ಕೇ ಮುಗಿಯಲಿಲ್ಲ. 1852ರಲ್ಲೂ ಜಯಪುರದ ಅರಸರು ದೆಹಲಿಯ ಈ ಯಂತ್ರವನ್ನು ದುರಸ್ತಿ ಮಾಡಿಸಿದ್ದರು. ಹಾಗಾದರೆ ಬಿಲ್ಲುಗೋಡೆಯ ಮೇಲಿನ ಗೆರೆಗಳು ಯಾರವು? ಜಯಸಿಂಹನವೋ, ಗಾರೆ ಕೆಲಸದವನವೋ? ಪ್ರಶ್ನೆ ಕ್ಷುಲ್ಲಕವಲ್ಲ. ಇದೇ ಬಗೆಯ ಜಯಪುರದ ಯಂತ್ರದಲ್ಲಿ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಅಲ್ಲಿನ ಅತಿ ಸಣ್ಣ ಭಾಗ ಎರಡು ಸೆಕೆಂಡಿನದು. ಕೆಲಸದವನ ಕೈ ಎರಡು ಮಿಲಿಮೀಟರ್ ಜಾರಿದರೆ ಒಂದು ಭಾಗವೇ ತಪ್ಪಿತು. ಸಾಲದ್ದಕ್ಕೆ, ಸೂರ್ಯಬಿಂಬಕ್ಕೆ ಅಗಲವಿರುವುದರಿಂದ ಇಷ್ಟು ದೊಡ್ಡ ಯಂತ್ರದಲ್ಲಿ ನೆರಳಿನ ಅಂಚು ಗೇಣಿಗೆ ತುಸು ಕಡಿಮೆಯಷ್ಟು ಅಗಲಕ್ಕೆ ಮಸುಕಾಗಿಯೇ ಬೀಳುತ್ತದೆ. ಹೀಗಿರುವಾಗ, ಇಂದಿನ ಗೆರೆಗಳನ್ನು ಅಳೆದು ಜಯಸಿಂಹನ ನಿಖರತೆಯನ್ನು ಹೊಗಳುವುದೂ ತೆಗಳುವುದೂ ನನಗೆ ಅನ್ಯಾಯವೆನಿಸುತ್ತದೆ. ಆತನ ಲೆಕ್ಕವನ್ನು ಆತನ ಕೋಷ್ಟಕಗಳಲ್ಲೇ ನೋಡಬೇಕು.

ಜಯಪುರದಲ್ಲಿಯೂ 1901ರ ಸುಮಾರಿಗೆ ದೊಡ್ಡ ಜೀರ್ಣೋದ್ಧಾರ ನಡೆಯಿತು. ಆದರೆ ಅದನ್ನು ನಡೆಸಿದ ಗ್ಯಾರೆಟ್ ಎಂಬ ಅಧಿಕಾರಿ, ನೆರವಾದ ಒಬ್ಬ ತರುಣ ಪಂಡಿತನೊಡನೆ ಸೇರಿ, ವೇಧಶಾಲೆಯನ್ನು ಕುರಿತು 1902ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಆ ತರುಣ ಚಂದ್ರಧರ ಶರ್ಮಾ ಗುಲೇರಿ. 1915ರಲ್ಲಿ ‘ಉಸನೇ ಕಹಾ ಥಾ’ ಕಥೆಯಿಂದ ಹಿಂದಿ ಸಾಹಿತ್ಯದಲ್ಲಿ ಚಿರಸ್ಥಾನ ಪಡೆದವರು.