ಊರ ಹೆಸರಿನ ಅರ್ಥ ಯಾರನ್ನು ಕೇಳಬೇಕು?



ಸಿಡ್ನಿಯಲ್ಲಿ ರೈಲು ಹತ್ತಿದರೆ ಪ್ಯಾರಮಟ್ಟ, ಟೂಂಗಾಬಿ ಎಂಬ ಹೆಸರುಗಳು ದಿನವೂ ನಿಮ್ಮ ಕಿವಿಗೆ ಬೀಳುತ್ತವೆ. ಇವು ಯಾವ ಭಾಷೆಯ ಮಾತುಗಳು ಎಂದು ಯಾವಾಗಲಾದರೂ ಯೋಚಿಸಿದ್ದೀರಾ?

ಪ್ಯಾರಮಟ್ಟದಿಂದಲೇ ಶುರು ಮಾಡೋಣ. 1788ರಲ್ಲಿ ಗವರ್ನರ್ ಫಿಲಿಪ್ ಅಲ್ಲಿ ನೆಲೆಯೂರಿ ಆ ಜಾಗವನ್ನು ರೋಸ್ ಹಿಲ್ ಎಂದು ಕರೆದರು. ಆದರೆ ಸಾವಿರಾರು ವರ್ಷಗಳಿಂದ ಆ ನದಿಯ ದಡದಲ್ಲಿ ಬಾಳಿದ್ದ ದಾರುಗ್ ಜನಕ್ಕೆ ಅದು ಬರ್ರಮಟ್ಟ, ಅಂದರೆ ಹಾವುಮೀನುಗಳ ತಾಣ. 1791ರಲ್ಲಿ ಊರಿಗೆ ಮತ್ತೆ ಆ ಹೆಸರೇ ಬಂತು. ಬಿಳಿಯರ ನಾಲಿಗೆಯಲ್ಲಿ ಅದು ಪ್ಯಾರಮಟ್ಟ ಆಯಿತು. ಅಲ್ಲಿನ ರಗ್ಬಿ ಲೀಗ್ ತಂಡಕ್ಕೆ 'ಈಲ್ಸ್' ಎಂದು ಯಾಕೆ ಹೆಸರು ಅಂತ ಈಗ ಗೊತ್ತಾಯಿತಲ್ಲ?

ಇನ್ನು ವಾಗಾ ವಾಗಾ. ಇದು ವಿರಾಜುರಿ ಜನರ ನಾಡು. ಅವರ ಭಾಷೆಯಲ್ಲಿ ಒಂದು ಮಾತನ್ನು ಎರಡು ಸಲ ಹೇಳಿದರೆ 'ಬಹಳ' ಎಂದರ್ಥ. ನಾವೂ 'ರಾಶಿ ರಾಶಿ ಹೂವು' ಎನ್ನುತ್ತೇವಲ್ಲ, ಹಾಗೆಯೇ. ಬಹಳ ಕಾಲ ಎಲ್ಲರೂ ಇದಕ್ಕೆ 'ಕಾಗೆಗಳ ಊರು' ಎಂಬ ಅರ್ಥ ಹೇಳುತ್ತಿದ್ದರು. ಆದರೆ ವಿರಾಜುರಿ ಹಿರಿಯರಾದ ಸ್ಟ್ಯಾನ್ ಗ್ರಾಂಟ್ ಸೀನಿಯರ್ ಒಪ್ಪಲಿಲ್ಲ. ಕಾಗೆಗೆ ತಮ್ಮಲ್ಲಿ ಬೇರೆ ಪದವಿದೆ, ಇದು ಕುಣಿತದ, ಸಂಭ್ರಮದ ಊರು ಎಂದರು. 2019ರಲ್ಲಿ ನಗರಸಭೆ ಅವರ ಮಾತನ್ನು ಒಪ್ಪಿಕೊಂಡಿತು.

ಈ ಹಿರಿಯರ ಅಜ್ಜ ವಿರಾಜುರಿ ಮಾತಾಡಿದ್ದಕ್ಕೇ ಪೊಲೀಸರು ಅವರನ್ನು ಹಿಡಿದೊಯ್ದಿದ್ದರು. ಮಾತಾಡಿದರೆ ಶಿಕ್ಷೆ ಎಂದಾಗ ಮನೆಯವರು ಮಕ್ಕಳಿಗೆ ಭಾಷೆ ಕಲಿಸಲು ಹೆದರಿದರು. ಹೀಗೆ ಭಾಷೆ ಬಾಯಿಂದ ಜಾರಿತು, ಊರ ಹೆಸರು ಮಾತ್ರ ಬೋರ್ಡಿನ ಮೇಲೆ ಉಳಿಯಿತು. ಅದರ ಅರ್ಥವನ್ನು ಬೇರೆಯವರು ಊಹಿಸತೊಡಗಿದರು. ಮೊಮ್ಮಗ ಆ ಭಾಷೆಗೆ ನಿಘಂಟು ಮಾಡಲು ಕೈಜೋಡಿಸಿದರು. ಮುಂದೆ ವಾಗಾ ವಾಗಾದ ವಿಶ್ವವಿದ್ಯಾಲಯದಲ್ಲೇ ವಿರಾಜುರಿ ಪಾಠ ಶುರುವಾಯಿತು.

ಇಂಥ ಊಹೆ ನಮ್ಮಲ್ಲೂ ಇದೆ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ 'ಬೆಂದಕಾಳೂರು', ಆಮೇಲೆ ಬೆಂಗಳೂರು ಎಂಬ ಕಥೆಯನ್ನು ನಿಮ್ಮ ಅಜ್ಜಿಯೂ ಹೇಳಿರಬಹುದು. ಆ ದೊರೆ 12ನೇ ಶತಮಾನದವನು. ಬೇಗೂರಿನ ಕಲ್ಲಿನ ಶಾಸನದಲ್ಲಾದರೋ ಸುಮಾರು 890ರಲ್ಲೇ 'ಬೆಂಗಳೂರು' ಇದೆ! ಕಥೆ ಸೊಗಸಾಗಿದೆ. ಆದರೆ ಹಳೆಯ ಕನ್ನಡ ಓದಬಲ್ಲವರು ಇದ್ದುದರಿಂದ ನಿಜ ತಿಳಿಯಿತು.

ಎಲ್ಲ ಹೆಸರಿಗೂ ಬಿಡಿಸಿ ಹೇಳುವ ಅರ್ಥ ಇರಲೇಬೇಕೆಂದಿಲ್ಲ. 1873ರಲ್ಲಿ ಏಯರ್ಸ್ ರಾಕ್ ಎಂದು ಕರೆಸಿಕೊಂಡ ಬಂಡೆ ಅಲ್ಲಿನ ಅನಂಗು ಜನಕ್ಕೆ ಉಲುರು. ಉಲುರು ಅಂದರೆ ಉಲುರು, ಅಷ್ಟೇ.

ಶಾಲೆಯಲ್ಲಿ ನಿಮ್ಮ ಹೆಸರನ್ನು ಯಾರಾದರೂ ಮೊಟಕು ಮಾಡಿದಾಗ ಹೇಗನ್ನಿಸಿತು, ನೆನಪಿದೆಯೇ? ಊರುಗಳೂ ಅದನ್ನೇ ಅನುಭವಿಸಿವೆ. ಈ ವಾರ ಒಂದು ಕೆಲಸ ಮಾಡಿ. ನೀವಿರುವ ಜಾಗ ಯಾವ ಜನರ ನಾಡು, ಅವರು ಅದನ್ನು ಏನೆಂದು ಕರೆಯುತ್ತಾರೆ ಎಂದು ತಿಳಿದುಕೊಳ್ಳಿ. ಸಂಜೆ ಅಪ್ಪ ಅಮ್ಮನ ಹತ್ತಿರ ನಿಮ್ಮ ಹೆಸರಿನ ಅರ್ಥವನ್ನೂ ಕೇಳಿ. ಕನ್ನಡದಲ್ಲೇ ಕೇಳಿ.